ಹಾಟ್ ಸ್ಪ್ರಿಂಗ್ಸ್‌ಗೆ ಇಳಿದ ದಿನ

ಅಪಲಾಚಿಯನ್ ಟ್ರೇಲ್ ಅಂದರೆ ಅಮೆರಿಕದಲ್ಲಿ ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ದಾಟುವ, ಸುಮಾರು 2,190 ಮೈಲಿಯ ಕಾಲುದಾರಿ. ಒಂದೇ ಉಸಿರಿಗೆ ನಡೆದು ಮುಗಿಸುವವರಿಗೆ ಐದಾರು ತಿಂಗಳು ಬೇಕು. ಅಷ್ಟು ರಜೆ ನಮಗೆಲ್ಲಿ? ನಾನೂ ಭಾವನೂ ತುಂಡು ತುಂಡಾಗಿ ನಡೆಯುವವರು. 2024ರ ಮೇ ತಿಂಗಳಲ್ಲಿ ಉತ್ತರ ಕೆರೊಲಿನಾದ ಮ್ಯಾಕ್ಸ್ ಪ್ಯಾಚ್ ಎಂಬ ಬೋಳುಗುಡ್ಡ ದಾಟಿ, ರೋರಿಂಗ್ ಫೋರ್ಕ್ ತಂಗುಮನೆಯಲ್ಲಿ ರಾತ್ರಿ ಕಳೆದೆವು. ಬೆಳಗಾಗುತ್ತಲೇ ಹಾಟ್ ಸ್ಪ್ರಿಂಗ್ಸ್ ಎಂಬ ಊರಿನ ಕಡೆಗೆ ಹೊರಟೆವು. ಹತ್ತಿರ ಹತ್ತಿರ 18 ಮೈಲಿ.

ಬೆಳಗ್ಗೆ ಬಿಸಿನೀರು ಹಾಕಿದ ಗೊಜ್ಜವಲಕ್ಕಿ. ಆಮೇಲೆ ಏರು. ಬ್ಲಫ್ ಮೌಂಟನ್ 4,600 ಅಡಿಗೂ ಮಿಕ್ಕಿದ ಬೆಟ್ಟ, ಊರಿರುವುದು 1,300ರ ಆಸುಪಾಸಿನಲ್ಲಿ. ಏರುವಾಗ ಎದೆ ಬಡಿದುಕೊಂಡರೂ ನಿಂತು ಸುಧಾರಿಸಿಕೊಳ್ಳಬಹುದು. ಇಳಿಜಾರಿನಲ್ಲಿ ಹಾಗಲ್ಲ, ಬೆನ್ನ ಮೇಲಿನ ಭಾರವೆಲ್ಲ ಮಂಡಿಗೆ ಬಂದು ಕೂರುತ್ತದೆ. ಬೂಟಿನ ಮೂತಿಗೆ ಹೆಬ್ಬೆರಳು ಒತ್ತಿ ಒತ್ತಿ ಉಗುರು ನೀಲಿಗಟ್ಟಿತ್ತು. ರೋಡೊಡೆಂಡ್ರಾನ್ ಪೊದೆಗಳು ತಲೆಯ ಮೇಲೆ ಕೂಡಿಕೊಂಡು ನಡುಹಗಲಲ್ಲೂ ಮಬ್ಬು. ದಾರಿ ತಪ್ಪದಂತೆ ಕಾಯುವುದು ಮರಗಳ ಮೇಲಿನ ಬಿಳಿ ಪಟ್ಟೆ, ಎರಡು ಇಂಚು ಅಗಲ, ಆರು ಇಂಚು ಎತ್ತರ. ಈ ಭಾಗದಲ್ಲಿ ಆ ಪಟ್ಟೆ ಬಳಿಯುವವರು, ಬಿದ್ದ ಮರ ಕೊಯ್ದು ಪಕ್ಕಕ್ಕೆ ಸರಿಸುವವರು ಕೆರೊಲಿನಾ ಮೌಂಟನ್ ಕ್ಲಬ್ಬಿನ ಸ್ವಯಂಸೇವಕರು. ಸಂಬಳವಿಲ್ಲ. ಗರಗಸ ಹೊತ್ತು ಬರುತ್ತಾರೆ, ದುಡಿದು ಹೋಗುತ್ತಾರೆ.

ಗ್ಯಾರೆನ್‌ಫ್ಲೋ ಗ್ಯಾಪ್‌ನಲ್ಲಿ ಮಣ್ಣುರಸ್ತೆ ಅಡ್ಡ ಬರುತ್ತದೆ. ಅಲ್ಲಿ ಹಿರಿಯ ಹೆಂಗಸೊಬ್ಬರು ಕಾರಿನ ಡಿಕ್ಕಿ ತೆರೆದಿಟ್ಟು, ಬಂದವರಿಗೆಲ್ಲ ಕಿತ್ತಳೆಹಣ್ಣು, ತಣ್ಣನೆ ನಿಂಬೆ ಶರಬತ್ತು ಕೊಡುತ್ತಿದ್ದರು. ಹೆಸರು ಕೇಳಲಿಲ್ಲ, ಎಲ್ಲಿಯವರೆಂದೂ ಕೇಳಲಿಲ್ಲ. "ಕಾಲು ಹೇಗಿದೆ?" ಎಂದಷ್ಟೇ ಕೇಳಿದರು. ಭಾವ ಶರಬತ್ತು ಹಿಡಿದು ಬಂಡೆಯ ಮೇಲೆ ಕೂತು, "ಶಿವರಾತ್ರಿಗೆ ಕೊಟ್ಟಿಗೆಹಾರದಲ್ಲಿ ಮಜ್ಜಿಗೆ ಕೊಡ್ತಾರಲ್ಲ ಮಾರಾಯ, ಥೇಟ್ ಹಾಗೇ," ಅಂದರು. ಧರ್ಮಸ್ಥಳಕ್ಕೆ ಚಾರ್ಮಾಡಿ ಇಳಿಯುವ ಪಾದಯಾತ್ರಿಗಳಿಗೆ ಮಜ್ಜಿಗೆ ಹಂಚಿ ಬೆಳೆದ ಮನೆ ನಮ್ಮದು. ಈ ಸಲ ಲೋಟ ಚಾಚುವ ಕಡೆಯಲ್ಲಿದ್ದೆವು. ನನಗೆ ಗಂಟಲು ಕಟ್ಟಿತು.

ಸಂಜೆಗೆ ಊರು. ಈ ದಾರಿ ಊರಿನ ಪಕ್ಕದಲ್ಲಿ ಹಾದು ಹೋಗುವುದಿಲ್ಲ, ಊರಿನ ಮುಖ್ಯಬೀದಿಯೇ ದಾರಿ. ಬಿಳಿ ಪಟ್ಟೆ ಮರ ಬಿಟ್ಟು ಕಂಬ ಹತ್ತಿತ್ತು, ಫುಟ್‌ಪಾತಿನ ಕಲ್ಲಿನಲ್ಲೇ ಟ್ರೇಲಿನ ಗುರುತು ಕೂರಿಸಿದ್ದರು. ಮೈಯೆಲ್ಲ ಬೆವರು ನಾರುತ್ತಿದ್ದ ನಮ್ಮನ್ನು ಕಂಡು ಯಾರೂ ಮೂಗು ಮುಚ್ಚಲಿಲ್ಲ. ಇಳಿದುಕೊಂಡ ಹಾಸ್ಟೆಲ್ಲಿನ ಜಗಲಿಯಲ್ಲಿ ಹೈಕರ್ ಬಾಕ್ಸ್ ಇತ್ತು. ತನಗೆ ಹೆಚ್ಚಾದದ್ದನ್ನು ಹಾಕಿ, ಬೇಕಾದದ್ದನ್ನು ಎತ್ತಿಕೊಳ್ಳುವ ಪೆಟ್ಟಿಗೆ. ಅರ್ಧ ಉಳಿದ ಗ್ಯಾಸ್ ಡಬ್ಬಿ, ಓಟ್ಸ್, ಒಂದು ಜೊತೆ ಲೇಸು, ಗಾಯಕ್ಕೆ ಕಟ್ಟುವ ಟೇಪು. ನಾನು ಟೇಪು ತೆಗೆದುಕೊಂಡೆ. ಭಾವ ಒಂದು ಪೊಟ್ಟಣ ಗೊಜ್ಜವಲಕ್ಕಿ ಹಾಕಿ, ಬಿಸಿನೀರು ಎಷ್ಟು, ಎಷ್ಟು ಹೊತ್ತು ಮುಚ್ಚಿಡಬೇಕು ಎಂದು ಚೀಟಿ ಬರೆದು ಅಂಟಿಸಿದರು. ರಾತ್ರಿಯೊಳಗೆ ಅದು ಖಾಲಿ!

ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಹೆಲೀನ್ ಚಂಡಮಾರುತದ ಮಳೆಗೆ ಫ್ರೆಂಚ್ ಬ್ರಾಡ್ ನದಿಯೂ ಸ್ಪ್ರಿಂಗ್ ಕ್ರೀಕ್ ಹೊಳೆಯೂ ಉಕ್ಕಿ ಅದೇ ಬೀದಿಯ ಅಂಗಡಿಗಳಿಗೆ ನುಗ್ಗಿದವು. ವಿಡಿಯೊ ನೋಡುತ್ತಾ ನಾವು ನಡೆದ ಫುಟ್‌ಪಾತ್ ಎಲ್ಲೆಂದು ಹುಡುಕಿದೆವು, ಕೆಸರುನೀರು ಬಿಟ್ಟು ಏನೂ ಕಾಣಲಿಲ್ಲ. ಸಾವಿರಾರು ಮರ ಉರುಳಿದ ದಾರಿಯನ್ನು ಮತ್ತೆ ಬಿಡಿಸಿದ್ದರಲ್ಲೂ ಆ ಗರಗಸದ ಕೈಗಳಿದ್ದವು.

ನಮ್ಮ ಮುಂದಿನ ತುಂಡು ಶುರುವಾಗುವುದು ಅಲ್ಲಿಂದಲೇ. ಮನೆಯಿಂದ ದಿನಸಿ ಹೊತ್ತುಕೊಂಡು ಹೋಗುವುದು ಬೇಡ, ಎಲ್ಲವನ್ನೂ ಆ ಊರಿನ ಅಂಗಡಿಯಲ್ಲೇ ಕೊಳ್ಳೋಣ ಎಂದು ಭಾವ ಪಟ್ಟಿ ಮಾಡಿಟ್ಟಿದ್ದಾರೆ. ಅವಲಕ್ಕಿ ಮಾತ್ರ ನಮ್ಮದು, ಪೆಟ್ಟಿಗೆಗೂ ಸೇರಿಸಿ.