ಆಕರಗ್ರಂಥದಲ್ಲಿ ಯಾರ ಪಾಲು ಎಷ್ಟು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂದು ಕೋರ್ಟಿನ ತೀರ್ಪುಗಳನ್ನು ಸಂಪಾದಿಸಿ ಅಚ್ಚುಹಾಕುವ ಕಾನೂನು ವರದಿಯ ಸಂಪುಟವೊಂದನ್ನು ತಿರುವಿಹಾಕುತ್ತಿದ್ದಾಗ, ಪ್ರತಿ ಪ್ಯಾರಾದ ತಲೆಗೆ ಅಚ್ಚಾಗಿದ್ದ ಪುಟ್ಟ ಸಂಖ್ಯೆಗಳು ಇಂಥ ವರದಿಗಳ ಪ್ರಕಾಶಕ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಣ ಕೃತಿಸ್ವಾಮ್ಯದ ಪ್ರಕರಣವನ್ನು ನೆನಪಿಗೆ ತಂದವು. ತೀರ್ಪಿನ ಮೂಲಪಠ್ಯ ಎಲ್ಲರಿಗೂ ಸೇರಿದ್ದು, ಅದನ್ನು ತಿದ್ದಿ ಅಚ್ಚುಕಟ್ಟುಗೊಳಿಸಿದ ಶ್ರಮವೊಂದರಿಂದಲೇ ಕೃತಿಸ್ವಾಮ್ಯ ಹುಟ್ಟುವುದಿಲ್ಲ, ಆದರೆ ಸಂಪಾದಕರು ವಿವೇಚನೆಯಿಂದ ಮಾಡಿದ ಪ್ಯಾರಾ ವಿಂಗಡಣೆಯನ್ನೂ ಯಾವ ನ್ಯಾಯಮೂರ್ತಿ ಸಹಮತ, ಯಾರು ಭಿನ್ನಮತ ಎಂಬ ಗುರುತುಗಳನ್ನೂ ಇತರರು ಎತ್ತಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2007ರ ಡಿಸೆಂಬರಿನಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟು 1991ರಲ್ಲೇ, ಟೆಲಿಫೋನ್ ಡೈರೆಕ್ಟರಿಯ ವ್ಯಾಜ್ಯದಲ್ಲಿ, ಬರಿಯ ಬೆವರಿಗೆ ಹಕ್ಕಿಲ್ಲವೆಂದಿತ್ತು. ಮಾಹಿತಿ ಯಾರ ಸ್ವತ್ತೂ ಆಗಬಾರದೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ನಿಘಂಟು, ವಿಶ್ವಕೋಶಗಳಿಗಾಗಿ ವರ್ಷಗಟ್ಟಲೆ ಚೀಟಿ ಬರೆದು ಅಕಾರಾದಿಯಾಗಿ ಜೋಡಿಸಿದವರ ಹೆಸರನ್ನೂ ಹೇಳದೆ ಅವರ ದುಡಿಮೆಯನ್ನು ಬಳಸಿಕೊಳ್ಳುವುದು, ಕಾನೂನು ತಡೆಯದಿದ್ದರೂ, ಸರಿಯಲ್ಲ.