ಕಾಸರಗೋಡಿನ ‘ಸ್ಮಾಲ್ ಪ್ರಾಬ್ಲಂ’

ನಾನು ಅರಸೀಕೆರೆಯವಳು. ಕಾಸರಗೋಡಿಗೆ ಕೆಲಸಕ್ಕೆ ಬಂದು ಎರಡು ವರ್ಷ ದಾಟಿತು. ‘ಮಂಗಳೂರಲ್ಲಿ ರೈಲು ಹತ್ತಿದರೆ ಒಂದು ಗಂಟೆ, ಅದಕ್ಕೆಲ್ಲ ಹೊರನಾಡು ಅಂತ ಯಾಕೆ ದೊಡ್ಡ ಮಾತು?’ ಅಂತ ನಮ್ಮಣ್ಣ ನಗುತ್ತಾನೆ. ದೂರ ಕಮ್ಮಿ, ಅದು ನಿಜ. ಆದರೆ ನನ್ನ ಮನೆ ಓನರ್ ಮಾಷ್ಟ್ರ ಎದುರು ಹಾಗೆ ಹೇಳಿ ನೋಡಲಿ. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು ಅನ್ನುವುದನ್ನು ಅವರು ಮನೆಯವರ ತಿಥಿ ಹೇಳಿದ ಹಾಗೆ ಹೇಳುತ್ತಾರೆ. ನಾವು ಅಲ್ಲಿ ಬಾವುಟ ಹಾರಿಸಿ ಸಿಹಿ ಹಂಚುವ ದಿನ ಅದೇ, ಅಲ್ವಾ?

ಇಲ್ಲಿ ಬದುಕಬೇಕು ಅಂದರೆ ಭಾಷೆ ಬದಲಿಸುತ್ತಲೇ ಇರಬೇಕು. ಮಾಷ್ಟ್ರ ಮನೆಯೊಳಗೆ ಹವ್ಯಕ ಕನ್ನಡ. ತೋಟದ ಕೆಲಸದವರ ಜೊತೆ ತುಳು. ಬಸ್ಸಿನಲ್ಲಿ ಮಲಯಾಳ. ನನ್ನ ಜೊತೆ ಪುಸ್ತಕದ ಕನ್ನಡ. ಈ ನಾಲ್ಕರ ನಡುವೆ ಒಂದು ಇಂಗ್ಲಿಷ್ ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ ಥರ ಇರುತ್ತದೆ: ‘ಸ್ಮಾಲ್ ಪ್ರಾಬ್ಲಂ’. ಅದರ ಕಥೆ ಹೇಳೋಣ ಅಂತ ಕೂತಿದ್ದೇನೆ.

ಟೌನಿನ ಒಂದು ಖಾಸಗಿ ಕಚೇರಿಯಲ್ಲಿ ನನಗೆ ಲೆಕ್ಕ ನೋಡುವ ಕೆಲಸ. ಸೇರಿದ ಮೊದಲ ತಿಂಗಳ ಕೊನೆ. ನನಗಿಂತ ಹಿರಿಯರಾದ ಚೇಚಿ (ಅಕ್ಕ) ಒಬ್ಬರು ನನ್ನ ಮೇಜಿನ ಹತ್ತಿರ ಬಂದು, ತುಂಬಾ ಮೆಲ್ಲಗೆ, ‘ಮೋಳೇ, ಒರು ಚೆರಿಯ ಪ್ರಶ್ನಂ ಉಂಡ್’ ಅಂದರು. ಚೆರಿಯ ಅಂದರೆ ಚಿಕ್ಕದು ಅಂತ ಗೊತ್ತಿತ್ತು. ಪ್ರಶ್ನೆಯಂತೂ ನಮ್ಮದೇ. ಸರಿ, ಚಿಕ್ಕದೊಂದು ಪ್ರಶ್ನೆ ಇದೆಯಂತೆ. ನಾನು ಪೆನ್ನು ಕೆಳಗಿಟ್ಟು ನಗುತ್ತಾ ‘ಕೇಳಿ ಚೇಚಿ, ಕೇಳಿ’ ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಮಲಯಾಳದಲ್ಲಿ ‘ಕೇಳು’ ಅಂದರೆ ಕಿವಿಗೊಡು ಅಂತ ಮಾತ್ರ. ಪ್ರಶ್ನೆ ಕೇಳು ಅನ್ನುವ ಅರ್ಥ ಅದಕ್ಕಿಲ್ಲ. ತಪ್ಪು ಮಾಡಿದ ಹುಡುಗಿ ನಕ್ಕುಕೊಂಡು ‘ನೀನೇ ಕೇಳಿಸಿಕೋ’ ಅನ್ನುತ್ತಿದ್ದಾಳೆ ಅಂತ ಅವರಿಗೆ ಅನಿಸಿರಬೇಕು.

ಮಲಯಾಳದಲ್ಲಿ ಪ್ರಶ್ನಂ ಅಂದರೆ ಸಮಸ್ಯೆ. ನಮ್ಮ ಪ್ರಶ್ನೆಗೆ ಅವರು ಚೋದ್ಯಂ ಅನ್ನುತ್ತಾರೆ. ನಮಗೆ ಚೋದ್ಯ ಅಂದರೆ ಸೋಜಿಗ. ಒಂದೇ ಅಂಗಡಿಯ ಡಬ್ಬಿಗಳಿಗೆ ಯಾರೋ ಚೀಟಿ ಅದಲುಬದಲು ಅಂಟಿಸಿದ ಹಾಗೆ.

ಚೇಚಿ ಆಮೇಲೆ ಇಂಗ್ಲಿಷಿಗೆ ಬಂದರು. ‘ಸ್ಮಾಲ್ ಪ್ರಾಬ್ಲಂ. ಸ್ಯಾಲರಿ ಫೈಲ್.’

ಆ ಸಣ್ಣ ಪ್ರಾಬ್ಲಂ ಏನು ಅಂತ ಹೇಳುತ್ತೇನೆ. 58 ಜನರ ಸಂಬಳದ ಪಟ್ಟಿ ನಾನು ಮಾಡಿದ್ದೆ. ಎಕ್ಸೆಲ್‌ನಲ್ಲಿ ಹೆಸರು, ಖಾತೆ ನಂಬರ್ ಎರಡೇ ಕಾಲಂ ಸೆಲೆಕ್ಟ್ ಮಾಡಿ ಅಕ್ಷರ ಪ್ರಕಾರ ಜೋಡಿಸಿದ್ದೆ. ಪಕ್ಕದ ಸಂಬಳದ ಕಾಲಂ ಹಳೇ ಜಾಗದಲ್ಲೇ ಕೂತಿತ್ತು. ಅಂದರೆ ಯಾರ ಸಂಬಳವೋ ಯಾರ ಖಾತೆಗೋ. ಡ್ರೈವರಿಗೆ ಮ್ಯಾನೇಜರ ಸಂಬಳ, ಮ್ಯಾನೇಜರಿಗೆ ರಾತ್ರಿ ಕಾವಲಿನವರದು. ಕೆಳಗಿನ ಒಟ್ಟು ಮೊತ್ತ ಮಾತ್ರ ಪೈಸೆಗೂ ಸರಿಯಾಗಿತ್ತು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಫೈಲ್ ಬ್ಯಾಂಕಿಗೆ ಹೋಗಿ ಅರ್ಧ ಗಂಟೆ ಆಗಿತ್ತು.

ನನ್ನ ಕೈ ತಣ್ಣಗಾಯಿತು. ಚೇಚಿ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತು ಫೋನ್ ಎತ್ತಿಕೊಂಡು ಸಾಹೇಬರಿಗೆ ಹೇಳಿದರು: ‘ಸರ್, ವಿ ಹ್ಯಾವ್ ಎ ಸ್ಮಾಲ್ ಪ್ರಾಬ್ಲಂ. ಸಂಬಳದ ಫೈಲಿನಲ್ಲಿ ಮೊತ್ತ ಎಲ್ಲ ಅದಲುಬದಲಾಗಿದೆ. ಹಣ ಇನ್ನೂ ಹೋಗಿಲ್ಲ. ಬ್ಯಾಂಕಿಗೆ ಈಗಲೇ ಫೋನ್ ಮಾಡಿ ತಡೆಯುತ್ತೇನೆ. ಹೊಸ ಫೈಲ್ ನಾಲ್ಕು ಗಂಟೆಗೆ.’

‘ವಿ’ ಅಂದರು. ‘ಹೊಸ ಹುಡುಗಿ ಎಡವಟ್ಟು ಮಾಡಿದ್ದಾಳೆ’ ಅನ್ನಲಿಲ್ಲ. ಆ ಒಂದಕ್ಷರ ನನಗೆ ಇವತ್ತಿಗೂ ಮರೆತಿಲ್ಲ.

ಇದೇ ಮಾತನ್ನು ಇಡೀ ಜಗತ್ತೇ ನೆನಪಿಟ್ಟುಕೊಳ್ಳುವ ಹಾಗೆ ಹೇಳಿದ ಮನುಷ್ಯ ಒಬ್ಬರಿದ್ದರು. ಎರಿಕ್ ಮೂಡಿ ಅಂತ, ಬ್ರಿಟಿಷ್ ಏರ್‌ವೇಸ್ ಪೈಲಟ್. 1982ರ ಜೂನ್ 24ರ ರಾತ್ರಿ. ಲಂಡನ್ನಿನಿಂದ ಹೊರಟು ನಮ್ಮ ಬೊಂಬಾಯಿಯಲ್ಲೂ ಇಳಿದು ಹೋಗಿದ್ದ 747 ವಿಮಾನ. ಕೌಲಾಲಂಪುರ ದಾಟಿ ಆಸ್ಟ್ರೇಲಿಯಾದ ಪರ್ತ್ ಕಡೆ ಹೋಗುತ್ತಿತ್ತು. ಒಳಗೆ 248 ಪ್ರಯಾಣಿಕರು. ಜಾವಾದ ಗಲುಂಗುಂಗ್ ಅನ್ನುವ ಜ್ವಾಲಾಮುಖಿಯ ಬೂದಿ ಆಕಾಶದ ತುಂಬಾ ಹರಡಿತ್ತು. ಕತ್ತಲೆಯಲ್ಲಿ ಅದು ಕಾಣಲಿಲ್ಲ. ಬೂದಿ ಒಳಗೆ ಹೋಗಿ ಒಂದಾದ ಮೇಲೊಂದು ಎಂಜಿನ್ ನಿಂತವು. ಆಗ ಮೂಡಿ ಮೈಕ್ ಹಿಡಿದು ಪ್ರಯಾಣಿಕರಿಗೆ ಹೇಳಿದ್ದು ಇದು: ಮಹನೀಯರೇ, ಮಹಿಳೆಯರೇ, ನಿಮ್ಮ ಕ್ಯಾಪ್ಟನ್ ಮಾತಾಡುತ್ತಿದ್ದೇನೆ. ವಿ ಹ್ಯಾವ್ ಎ ಸ್ಮಾಲ್ ಪ್ರಾಬ್ಲಂ. ನಾಲ್ಕೂ ಎಂಜಿನ್ ನಿಂತಿವೆ. ಮತ್ತೆ ಚಾಲೂ ಮಾಡಲು ಎಲ್ಲಿಲ್ಲದ ಪ್ರಯತ್ನ ಮಾಡುತ್ತಿದ್ದೇವೆ. ನಿಮಗೆ ಜಾಸ್ತಿ ಆತಂಕ ಆಗಿಲ್ಲ ಅಂದುಕೊಂಡಿದ್ದೇನೆ.

ಆ ವಿಮಾನಕ್ಕೆ ಇದ್ದದ್ದೇ ನಾಲ್ಕು ಎಂಜಿನ್. 37,000 ಅಡಿ ಎತ್ತರದಿಂದ ಗಾಳಿಪಟದ ಹಾಗೆ ತೇಲಿಕೊಂಡು ಕೆಳಗಿಳಿಯಿತು. ಬೂದಿಯ ಮೋಡದಿಂದ ಹೊರಬಿದ್ದ ಮೇಲೆ ಎಂಜಿನ್ನುಗಳು ಮತ್ತೆ ಹೊತ್ತಿಕೊಂಡವು. ಬೂದಿ ಉಜ್ಜಿ ಉಜ್ಜಿ ಎದುರಿನ ಗಾಜು ಮಂಜಾಗಿ ಹೋಗಿತ್ತು. ಅದರಲ್ಲೇ ಕಣ್ಣು ಕೀಲಿಸಿ ಜಕಾರ್ತಾದಲ್ಲಿ ಇಳಿಸಿದರು. ಎಲ್ಲರೂ ಉಳಿದರು.

ಈ ಕಥೆ ಹೇಳುವವರೆಲ್ಲ ‘ಸ್ಮಾಲ್’ ಅನ್ನುವ ಪದಕ್ಕೆ ನಗುತ್ತಾರೆ. ನನಗೆ ಹಿಡಿಸುವುದು ಅದರ ಪಕ್ಕದ ವಾಕ್ಯ. ಸಣ್ಣ ತೊಂದರೆ ಅಂದು ಅವರು ಬಾಯಿ ಮುಚ್ಚಲಿಲ್ಲ. ನಾಲ್ಕೂ ನಿಂತಿವೆ ಅಂತ ಲೆಕ್ಕ ಕೊಟ್ಟರು. ಮೊದಲ ವಾಕ್ಯ ಎದೆಗೆ, ಎರಡನೆಯದು ತಲೆಗೆ. ಚೇಚಿ ಮಾಡಿದ್ದೂ ಅದನ್ನೇ.

ಅಮೆರಿಕದ ಅಪೊಲೊ 13 ಗಗನನೌಕೆಯ ಮಾತೂ ಹೀಗೇ. 1970ರ ಏಪ್ರಿಲ್ 13ರಂದು ಚಂದ್ರನ ದಾರಿಯಲ್ಲಿ ಆಮ್ಲಜನಕದ ಟ್ಯಾಂಕ್ ಸಿಡಿಯಿತು. ‘ಹ್ಯೂಸ್ಟನ್, ವಿ ಹ್ಯಾವ್ ಎ ಪ್ರಾಬ್ಲಂ’ ಅಂತ ನಾವೆಲ್ಲ ಆಡಿಕೊಳ್ಳುತ್ತೇವೆ. ಅವರು ನಿಜವಾಗಿ ಹೇಳಿದ್ದು ‘ವಿ ಹ್ಯಾವ್ ಹ್ಯಾಡ್’, ತೊಂದರೆ ಆಗಿದೆ ಅಂತ. ಮೊದಲು ಹೇಳಿದವರು ಜ್ಯಾಕ್ ಸ್ವಿಗರ್ಟ್. ಇನ್ನೊಮ್ಮೆ ಹೇಳಿ ಅಂತ ಕೆಳಗೆ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದವರು ಕೇಳಿದಾಗ ಜಿಮ್ ಲೊವೆಲ್ ಅದನ್ನೇ ಹೇಳಿ, ಉಸಿರು ಬಿಡದೆ ಯಾವ ಲೈನಿನಲ್ಲಿ ವೋಲ್ಟೇಜ್ ಇಳಿದಿದೆ ಅಂತಲೂ ಸೇರಿಸಿದರು. ಲೈನ್‌ಮನ್ ಕಂಬದ ಮೇಲಿಂದ ಕೂಗಿ ಹೇಳುವ ಹಾಗೆ.

ಈಗ ಮಾಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರ ಬಾಯಲ್ಲೂ ಸ್ಮಾಲ್ ಪ್ರಾಬ್ಲಂ ಇದೆ. ಆದರೆ ಅವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ನಾನಿರುವುದು ನೀರ್ಚಾಲು ಕಡೆ, ಅವರ ಅಡಿಕೆ ತೋಟದ ಅಂಚಿನ ಎರಡು ಕೋಣೆಯ ಮನೆಯಲ್ಲಿ. ನಲ್ಲಿಗೆ ನೀರು ಬರುವುದು ಸುರಂಗದಿಂದ. ನಮ್ಮ ಕಡೆಯವರು ಇದನ್ನು ನೋಡಿರುವುದಿಲ್ಲ. ನಾವು ನೀರಿಗೆ ನೆಲವನ್ನು ಕೆಳಕ್ಕೆ ಕೊರೆಯುತ್ತೇವೆ. ಇವರು ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಾರೆ. ಕೆಂಪು ಮುರಕಲ್ಲಿನ ಗುಡ್ಡ. ಒಬ್ಬ ಮನುಷ್ಯ ಬಗ್ಗಿಕೊಂಡು ಹೋಗುವಷ್ಟು ಬಿಲ. ಒಳಗೆ ಹೋದಷ್ಟೂ ಕತ್ತಲು, ತಂಪು. ಕಲ್ಲಿನಿಂದ ಒಸರುವ ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಅರಸೀಕೆರೆಯಲ್ಲಿ ಬೋರ್‌ವೆಲ್ ಲಾರಿ ಬಂದಾಗ ಬೀದಿಯವರೆಲ್ಲ ಸೇರಿ ದೇವರಿಗೆ ಕೈ ಮುಗಿಯುವುದನ್ನು ನೋಡಿ ಬೆಳೆದವಳಿಗೆ ಇದೊಂದು ಮಾಯೆ.

ಹೋದ ಮಳೆಗಾಲದ ಒಂದು ಸಂಜೆ. ಬಸ್ಸಿನಲ್ಲಿದ್ದಾಗ ಮಾಷ್ಟ್ರ ಫೋನ್ ಬಂತು.

‘ಎಂತ ಇಲ್ಲ ಮಗಾ. ಒಂದು ಸ್ಮಾಲ್ ಪ್ರಾಬ್ಲಂ ಉಂಟು. ಬರುವಾಗ ಕುಡಿಯುವ ನೀರು ಎರಡು ಬಾಟ್ಲಿ ತನ್ನಿ, ಆಯ್ತಾ?’

ಟ್ಯಾಂಕ್ ತೊಳೆಸುತ್ತಿದ್ದಾರೆ ಅಂದುಕೊಂಡೆ. ಎರಡೇ ಬಾಟ್ಲಿ ತಗೊಂಡೆ. ಹೋಗಿ ನೋಡಿದರೆ ಸುರಂಗದ ಬಾಯಿಯೇ ಇಲ್ಲ. ಮೇಲಿನ ಗುಡ್ಡದ ಬರೆ ಜರಿದು, ಎರಡು ಅಡಿಕೆ ಮರ ಬುಡಸಮೇತ ತೊಟ್ಟಿಯೊಳಗೆ ಬಿದ್ದಿವೆ. ನಲ್ಲಿ ತಿರುಗಿಸಿದರೆ ಕುಂಕುಮ ಕಲಸಿದಂಥ ನೀರು. ಮಾಷ್ಟ್ರು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಮಾಷ್ಟ್ರೇ, ಇದು ಸಣ್ಣ ತೊಂದರೆಯಾ?’

‘ಒಳಗೆ ಯಾರೂ ಇರ್ಲಿಲ್ಲ ಅಲ್ವಾ?’ ಅಂದರು. ‘ಬೆಳಿಗ್ಗೆ ಆಳು ಒಳಗೆ ಹೋಗಿ ಮಣ್ಣು ತೆಗೆದು ಬಂದದ್ದು. ಮಧ್ಯಾಹ್ನ ಜರಿದದ್ದು.’

ನನ್ನ ಬಾಯಿ ಕಟ್ಟಿತು. ಅವರ ಅಳತೆಗೋಲೇ ಬೇರೆ. ಆದರೂ ಒಂದು ದೂರು ನನಗೆ ಉಳಿದೇ ಇದೆ. ವಿಷಯ ಇಂಥದ್ದು ಅಂತ ಮೊದಲೇ ಹೇಳಿದ್ದರೆ ನಾನು ಎರಡರ ಬದಲು ಹತ್ತು ಬಾಟ್ಲಿ ತರುತ್ತಿದ್ದೆ. ಆಮೇಲೆ ಐದು ದಿನ ಪಕ್ಕದ ಮನೆಯ ಬಾವಿಯಿಂದ ಕೊಡಪಾನ ಹೊತ್ತೆ.

ತಣ್ಣಗೆ ಹೇಳಿದ ಮಾತು ಕೈಕೊಟ್ಟ ಇನ್ನೊಂದು ಕಥೆಯನ್ನು ಬ್ರಿಟಿಷರೇ ಹೇಳಿಕೊಳ್ಳುತ್ತಾರೆ. 1951ರ ಏಪ್ರಿಲ್, ಕೊರಿಯಾ ಯುದ್ಧ, ಇಮ್ಜಿನ್ ನದಿಯ ದಡ. ಗ್ಲೌಸ್ಟರ್‌ಶೈರ್ ರೆಜಿಮೆಂಟಿನ ಒಂದು ಪಡೆಯನ್ನು ಚೀನಾ ಸೈನ್ಯ ಸುತ್ತುವರಿದಿತ್ತು. ಪರಿಸ್ಥಿತಿ ಹೇಗಿದೆ ಅಂತ ಅಮೆರಿಕದ ಜನರಲ್ ಕೇಳಿದರು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ, ‘ಸ್ವಲ್ಪ ಅಂಟಂಟಾಗಿದೆ ಸರ್’ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟರಂತೆ. ಇನ್ನೊಬ್ಬ ಬ್ರಿಟಿಷನಿಗೆ ಅದು ‘ಕೈ ಮೀರಿದೆ’ ಅಂತಲೇ ಕೇಳಿಸುತ್ತಿತ್ತು. ಅಮೆರಿಕನ್ನರಿಗೆ ‘ಸುಧಾರಿಸಿಕೊಳ್ಳುತ್ತಾರೆ’ ಅಂತ ಕೇಳಿಸಿತು. ಆ ಪಡೆಯಲ್ಲಿ ತಪ್ಪಿಸಿಕೊಂಡು ಬಂದವರು ಬೆರಳೆಣಿಕೆಯ ಜನ. ಉಳಿದವರು ಸತ್ತರು, ಇಲ್ಲವೇ ಸೆರೆ ಸಿಕ್ಕರು. ಇಬ್ಬರೂ ಆಡಿದ್ದು ಇಂಗ್ಲಿಷೇ, ನೋಡಿ. ನಾನು, ಚೇಚಿ ಪ್ರಶ್ನೆ-ಪ್ರಶ್ನಂ ಅಂತ ತಿಣುಕಿದ್ದು ಏನೂ ಅಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನೂ ಈ ಮಾತು ಕಲಿತೆ. ಕಚೇರಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಸ್ಮಾಲ್ ಪ್ರಾಬ್ಲಂ ಅನ್ನುವುದು, ಬೆನ್ನಿಗೇ ಏನು, ಎಷ್ಟು, ಯಾವಾಗ ಸರಿಹೋಗುತ್ತದೆ ಅನ್ನುವುದು. ಕನ್ನಡದಲ್ಲಿ ಮಾತ್ರ ಇದನ್ನು ಹೇಗೆ ಹೇಳಬೇಕು ಅಂತ ಇನ್ನೂ ಹೊಳೆದಿಲ್ಲ. ನಮ್ಮೂರಲ್ಲಿ ‘ಸ್ವಲ್ಪ ತೊಂದರೆ ಇತ್ತು’ ಅಂತ ಶುರು ಮಾಡಿದರೆ ಎದುರಿನವರು ಸಾಲ ಕೇಳಲು ಬಂದಿದ್ದಾರೆ ಅಂತ ಜೇಬು ಮುಟ್ಟಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ದೂರದ ನೆಂಟರಿಗೆ ಫೋನಿನಲ್ಲಿ ಏನು ಹೇಳುತ್ತೇವೆ? ‘ಸ್ವಲ್ಪ ಸೀರಿಯಸ್ ಇದೆ, ಹೊರಟು ಬನ್ನಿ.’ ಜೀವ ಹೋಗಿ ಎರಡು ಗಂಟೆ ಆಗಿರುತ್ತದೆ. ತಾತ ಹೋದಾಗ ಅಪ್ಪನಿಗೆ ಬಂದ ಫೋನೂ ಹಾಗೇ ಇತ್ತು.

ಇದನ್ನು ಮರೆತದ್ದೇ ನನ್ನ ತಪ್ಪು. ಕಳೆದ ಆಗಸ್ಟ್‌ನಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಪಾದ ಉಳುಕಿತು. ಹಬ್ಬಕ್ಕೆ ಊರಿಗೆ ಹೋಗುವ ಹಾಗಿರಲಿಲ್ಲ. ಅಮ್ಮನಿಗೆ ಗಾಬರಿ ಆಗಬಾರದು ಅಂತ ಚೇಚಿಯ ಧಾಟಿಯಲ್ಲೇ ಶುರು ಮಾಡಿದೆ.

‘ಅಮ್ಮಾ, ಒಂದು ಸಣ್ಣ ತೊಂದರೆ ಆಗಿದೆ.’

ಆ ಕಡೆ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಅಮ್ಮ ಒಂದೇ ಮಾತು ಕೇಳಿದಳು.

‘ಯಾರು?’

ನಾನು ಎರಡನೇ ವಾಕ್ಯ ಹೇಳುವಷ್ಟರಲ್ಲಿ ಫೋನ್ ಅಪ್ಪನ ಕೈಗೆ ಹೋಗಿತ್ತು. ಕಾಲು, ಬರೀ ಕಾಲು, ಮುರಿದೂ ಇಲ್ಲ, ಉಳುಕಿದೆ ಅಷ್ಟೆ ಅಂತ ಮೂರು ಸಲ ಹೇಳಿದೆ. ‘ಸರಿ ಬಿಡಮ್ಮ, ಗೊತ್ತಾಯ್ತು’ ಅಂದರು ಅಪ್ಪ. ಒಂದಿಷ್ಟೂ ನಂಬಿರಲಿಲ್ಲ. ಅವತ್ತೇ ರಾತ್ರಿ ಬಸ್ ಹತ್ತಿ, ಬೆಳಿಗ್ಗೆ ಮಂಗಳೂರಲ್ಲಿ ಇಳಿದು, ಹತ್ತು ಗಂಟೆಗೆ ಇಬ್ಬರೂ ಗೇಟಿನ ಮುಂದೆ ನಿಂತಿದ್ದರು. ಅಮ್ಮನ ಕೈಯಲ್ಲಿ ಕೋಡುಬಳೆ ಡಬ್ಬಿ. ಹಿಂದಿನ ದಿನದ ಅಳುವಿನಿಂದ ಕಣ್ಣು ಊದಿತ್ತು. ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಇಷ್ಟೇನಾ?’ ಅಂದಳು. ಆಮೇಲೆ ಶುರುವಾದ ಬೈಗುಳ ಸಣ್ಣದಾಗಿರಲಿಲ್ಲ.

ಗದ್ದಲ ಕೇಳಿ ಮಾಷ್ಟ್ರು ಆಚೆ ಜಗಲಿಯಿಂದ ಎದ್ದು ಬಂದರು. ಅಪ್ಪನಿಗೆ ಕೈ ಮುಗಿದು, ‘ಬನ್ನಿ, ಬನ್ನಿ, ಕಾಲು ತೊಳೀರಿ’ ಅಂತ ನಲ್ಲಿ ತೋರಿಸಿದರು. ಆಮೇಲೆ ನೆನಪಾಗಿ, ‘ನೀರು ಸ್ವಲ್ಪ ಕೆಂಪು ಉಂಟು’ ಅಂದರು. ‘ಸ್ಮಾಲ್ ಪ್ರಾಬ್ಲಂ.’