ಮಾರ್ಷಲನ ಮೊಣಕಾಲು

ಮೊಣಕಾಲ ಚಿಪ್ಪು ಬಿರುಕು ಬಿಟ್ಟು ನಾನು ಹಾಸಿಗೆ ಹಿಡಿದು ಇಂದಿಗೆ ಹತ್ತೊಂಬತ್ತು ದಿನ. ಮೆಟ್ಟಿಲು ಮುಗಿಯಿತು ಎಂದುಕೊಂಡು ಕಾಲಿಟ್ಟೆ, ಇನ್ನೊಂದು ಇತ್ತು. ಎದ್ದು ಓಡಾಡುವಂತಿಲ್ಲ, ಹಾಗಾಗಿ ನನಗಿಂತ ದೊಡ್ಡವರ ಮೊಣಕಾಲಿನ ಕಥೆ ಹುಡುಕಿ ಓದುತ್ತಿದ್ದೇನೆ. ಹಾಗೆ ಸಿಕ್ಕವನು ಫ್ರಾನ್ಸಿನ ಮಾರ್ಷಲ್ ವಿಲಾರ್. 1709ರ ಸೆಪ್ಟೆಂಬರ್ 11ರಂದು ಮಾಲ್ಪ್ಲಾಕೆಯ ರಣರಂಗದಲ್ಲಿ ಅವನ ಮೊಣಕಾಲಿಗೆ ಗುಂಡು ಬಡಿಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವಳು ನಾನು. ಸ್ಪೇನಿನ ಸಿಂಹಾಸನಕ್ಕಾಗಿ ಯುರೋಪು ಹನ್ನೆರಡು ಹದಿಮೂರು ವರ್ಷ ಹೊಡೆದಾಡಿದ್ದಕ್ಕೆ ತರಗತಿಯಲ್ಲಿ ನಾನು ಕೊಟ್ಟದ್ದು ಹೆಚ್ಚೆಂದರೆ ಐದು ನಿಮಿಷ. ಬ್ಲೆನ್‌ಹೈಮ್, ರಾಮಿಲೀ, ಔಡೆನಾರ್ಡ್, ಮಾಲ್ಪ್ಲಾಕೆ: ಬ್ರಿಟಿಷ್ ಸೇನಾನಿ ಮಾರ್ಲ್‌ಬರೋ ಫ್ರೆಂಚರ ಮೇಲೆ ಗೆದ್ದ ನಾಲ್ಕು ಕದನಗಳು, ಬರೆದುಕೊಳ್ಳಿ, ಮುಂದಿನ ಪುಟ. ನಾಲ್ಕನೆಯದನ್ನು ಆ ಸಾಲಿನಲ್ಲಿ ಕೂರಿಸಿದ್ದು ನನ್ನ ತಪ್ಪು.

ಮಂಚವೇ ಈಗ ರಣರಂಗ. ಹೊದಿಕೆಯನ್ನು ಎಡಕ್ಕೆ ಸುಕ್ಕು ಮಾಡಿದರೆ ಸಾರ್ಸ್ ಕಾಡು, ಬಲಕ್ಕೆ ಸುಕ್ಕು ಮಾಡಿದರೆ ಲಾನಿಯೇರ್ ಕಾಡು, ನಡುವೆ ಇಕ್ಕಟ್ಟಾದ ಬಯಲು. ಮಾನ್ಸ್ ಕೋಟೆಗೆ ಮುತ್ತಿಗೆ ಹಾಕಲು ಹೊರಟವರನ್ನು ತಡೆಯಲು ಬಂದ ವಿಲಾರ್ ಈ ಸಂದಿಯಲ್ಲಿ ಕಂದಕ ತೋಡಿಸಿ, ಮರ ಕಡಿಸಿ ಅಡ್ಡಗಟ್ಟಿ ಕುಳಿತ. ಸೈನ್ಯಕ್ಕೆ ನನ್ನ ಮಾತ್ರೆಗಳು. ಒಂದು ಮಾತ್ರೆ ಐದು ಸಾವಿರ ಜನಕ್ಕೆ ಸಮ. ಫ್ರೆಂಚರಿಗೆ ಹದಿನೈದು ಬಿಳಿ ಮಾತ್ರೆ. ಎದುರಿಗೆ ಮಾರ್ಲ್‌ಬರೋ ಮತ್ತು ಆಸ್ಟ್ರಿಯಾದ ಸೇನಾನಿ, ಸವಾಯ್‌ನ ರಾಜಕುಮಾರ ಯೂಜೀನ್: ಬ್ರಿಟಿಷರು, ಡಚ್ಚರು, ಆಸ್ಟ್ರಿಯನ್ನರು, ಜರ್ಮನ್ನರು, ಡೇನರು ಎಲ್ಲ ಸೇರಿ ಹದಿನೇಳು, ಬಣ್ಣ ಬಣ್ಣದವು. "ರಾತ್ರಿಯ ಮಾತ್ರೆ ಯಾವ ಸೈನ್ಯದಲ್ಲಿದೆ?" ಎಂದು ನನ್ನ ಗಂಡ ಬಾಗಿಲಲ್ಲಿ ನಿಂತು ಕೇಳಿದರು. ಡಚ್ಚರಲ್ಲಿ, ಎಂದೆ.

ಫ್ರೆಂಚರ ಹೊಟ್ಟೆಯನ್ನು ಮಾತ್ರೆಗಳಲ್ಲಿ ತೋರಿಸಲಾಗುವುದಿಲ್ಲ. ಹಿಂದಿನ ಚಳಿಗಾಲ ಯುರೋಪನ್ನೇ ಹೆಪ್ಪುಗಟ್ಟಿಸಿತ್ತು; ಹೊಲದಲ್ಲಿ ಬಿತ್ತಿದ್ದು ಸತ್ತು ಫ್ರಾನ್ಸಿನಲ್ಲಿ ಬರ ಬಿದ್ದಿತ್ತು. ಸೈನಿಕರಿಗೆ ದಿನದ ರೊಟ್ಟಿ ಸಿಗುವುದೇ ಕಷ್ಟ. ಅಂಥವರು ಕದನದ ಸುದ್ದಿ ಕೇಳಿ, ಆಗಷ್ಟೇ ಕೈಗೆ ಬಂದ ರೊಟ್ಟಿಯನ್ನು ಎಸೆದು ಸಾಲಿಗೆ ಓಡಿದರಂತೆ. ಇನ್ನು ಬೂಫ್ಲೆರ್. ವಿಲಾರ್‌ಗಿಂತ ಹಿರಿಯ ಮಾರ್ಷಲ್, ಅರವತ್ತೈದರ ಮುದುಕ, ಆದರೂ ಕಿರಿಯನ ಕೈಕೆಳಗೆ ದುಡಿಯಲು ತಾನಾಗಿಯೇ ಬಂದಿದ್ದ. ಶಿಕ್ಷಕರ ಕೊಠಡಿಯಲ್ಲಿ ಇಂಥ ಒಬ್ಬರನ್ನೂ ನಾನು ಕಂಡಿಲ್ಲ.

ಮುಂಜಾವಿನ ಮಂಜು ಕರಗಿದ ಮೇಲೆ ದಾಳಿ ಶುರು. ಸಾರ್ಸ್ ಕಾಡಿನೊಳಗೆ ಜರ್ಮನ್ ಪಡೆಗಳು ನುಗ್ಗಿದವು. ಇನ್ನೊಂದು ತುದಿಯಲ್ಲಿ ಇಪ್ಪತ್ತೆರಡರ ಹರೆಯದ ಆರೆಂಜ್ ರಾಜಕುಮಾರ ಡಚ್ ಪದಾತಿಗಳನ್ನು ಕರೆದುಕೊಂಡು ಫ್ರೆಂಚ್ ಕಂದಕಗಳ ಮೇಲೆ ನೇರವಾಗಿ ನಡೆದ. ಅಲ್ಲಿ ಮರೆಯಲ್ಲಿದ್ದ ಫಿರಂಗಿಗಳು ಸಾಲನ್ನು ಪಕ್ಕದಿಂದ ಉದ್ದಕ್ಕೂ ಸೀಳಿದವು. ಅರ್ಧ ಗಂಟೆಯಲ್ಲಿ ಸುಮಾರು 5,000 ಮಂದಿ ಬಿದ್ದರೆಂದು ಓದಿದಾಗ ನಾನು ಒಂದು ಮಾತ್ರೆ ತೆಗೆದು ಪಕ್ಕಕ್ಕಿಟ್ಟೆ. ಒಂದೇ ಒಂದು. ಆಟ ಅಲ್ಲಿಗೆ ಸ್ವಲ್ಪ ಕಹಿಯಾಯಿತು. ರಾಜಕುಮಾರ ಬಾವುಟ ಹಿಡಿದು ಮತ್ತೆ ಜನರನ್ನು ಮುಂದಕ್ಕೆ ಕರೆದೊಯ್ದ. ಇದನ್ನು ಶೌರ್ಯವೆನ್ನುವವರು ಇದ್ದಾರೆ, ನಾನು ಎನ್ನಲಾರೆ.

ಕಾಡಿನೊಳಗಿನ ಕಥೆ ಬೇರೆಯೇ. ಬ್ರಿಟಿಷ್ ಸೇನೆಯ ಐರಿಷ್ ರೆಜಿಮೆಂಟ್ ಒಂದು ಮರಗಳ ನಡುವೆ ಎದುರಾದವರೊಂದಿಗೆ ಗುಂಡಿನ ಕಾಳಗ ನಡೆಸಿತು. ಬಿದ್ದವರಲ್ಲೊಬ್ಬನನ್ನು ವಿಚಾರಿಸಿದರೆ ಅವರೂ ಐರಿಷರೇ, ಫ್ರಾನ್ಸಿನ ರಾಜನ ಸೇವೆಯಲ್ಲಿದ್ದವರು. ಬ್ರಿಟಿಷ್ ಕಡೆಯವರ ಬಂದೂಕಿಗೆ ಒಂದು ಪೌಂಡ್ ಸೀಸದಲ್ಲಿ 16 ಗುಂಡು, ಫ್ರೆಂಚ್ ಕಡೆಯವರದಕ್ಕೆ 24. ಗೆದ್ದದ್ದು ದಪ್ಪ ಗುಂಡಿನವರು. ಸ್ವಿಸ್ ಬಾಡಿಗೆ ಸೈನಿಕರೂ ಅಂದು ಎರಡೂ ಕಡೆ ಇದ್ದರು.

ಎಡಗಡೆಯ ಕಾಡು ಕೈತಪ್ಪುತ್ತಿರುವುದನ್ನು ಕಂಡು ವಿಲಾರ್ ನಡುವಿನ ಕಂದಕಗಳಿಂದ ಪಡೆಗಳನ್ನು ಎಳೆದು ಅತ್ತ ಕಳಿಸಿದ. ನಡು ತೆಳ್ಳಗಾಯಿತು. ಮಾರ್ಲ್‌ಬರೋ ಕಾದಿದ್ದದ್ದೇ ಅದಕ್ಕೆ. ಸೇನಾನಿ ಆರ್ಕ್ನಿಯ ಬ್ರಿಟಿಷ್ ಪದಾತಿಗಳು ಆ ಕಂದಕಗಳನ್ನು ಹಿಡಿದುಕೊಂಡರು. ಪ್ರತಿದಾಳಿಗೆ ಹೊರಟಿದ್ದ ವಿಲಾರ್‌ನ ಮೊಣಕಾಲು ಒಡೆದದ್ದು ಆ ಹೊತ್ತಿನಲ್ಲಿ. ಕುರ್ಚಿ ತರಿಸಿ, ಕುಳಿತೇ ಆಜ್ಞೆ ಕೊಡುತ್ತೇನೆಂದ. ನೋವಿಗೆ ಪ್ರಜ್ಞೆ ತಪ್ಪಿತು, ಹೊತ್ತೊಯ್ದರು. ಈ ನೋವು ಎಂಥದ್ದೆಂದು ನನಗೀಗ ಗೊತ್ತು. ಕುರ್ಚಿ ಕೇಳುವಷ್ಟು ಮಾತೇ ನನ್ನಿಂದ ಹೊರಟಿರಲಿಲ್ಲ.

ಮುಂದಿನದನ್ನು ಬೂಫ್ಲೆರ್ ನೋಡಿಕೊಂಡ. ಬಯಲಿಗೆ ನುಗ್ಗಿದ ಕುದುರೆ ದಂಡನ್ನು ಮತ್ತೆ ಮತ್ತೆ ಹಿಂದಕ್ಕಟ್ಟಿದ. ಇನ್ನು ನಿಲ್ಲಲಾಗದೆಂದಾಗ ಸೈನ್ಯವನ್ನು ಸಾಲು ಕೆಡದಂತೆ ಹಿಂದೆಗೆದ. ಬೆನ್ನಟ್ಟುವ ಶಕ್ತಿ ಗೆದ್ದವರಲ್ಲಿ ಉಳಿದಿರಲಿಲ್ಲ.

ನನ್ನ ಲೆಕ್ಕದಲ್ಲಿ ಪಕ್ಕಕ್ಕಿಟ್ಟ ಬಣ್ಣದ ಮಾತ್ರೆ ನಾಲ್ಕು, ಮೇಲೊಂದು ಚೂರು. ಬಿಳಿಯವು ಎರಡೂವರೆಯನ್ನೂ ಮುಟ್ಟಲಿಲ್ಲ. ನೆಲ ಸಿಕ್ಕಿದ್ದು ಬಣ್ಣದವರಿಗೆ, ಅಕ್ಟೋಬರಿನಲ್ಲಿ ಮಾನ್ಸ್ ಕೂಡ. ಇಂಥ ಇನ್ನೊಂದು ಸೋಲನ್ನು ದೇವರು ಕರುಣಿಸಿದರೆ ತಮ್ಮ ಶತ್ರುಗಳೇ ಉಳಿಯುವುದಿಲ್ಲ ಎಂಬರ್ಥದಲ್ಲಿ ವಿಲಾರ್ ಹದಿನಾಲ್ಕನೇ ಲೂಯಿಗೆ ಬರೆದನಂತೆ. ಮಲಗಿದ್ದವನಿಗೆ ನಾಲಿಗೆ ಮಾತ್ರ ಚುರುಕಾಗಿತ್ತು.

1712ರ ಜುಲೈನಲ್ಲಿ ದೆನೆಂ ಬಳಿ ಅವನು ಯೂಜೀನನ ಪಡೆಯನ್ನು ಸೋಲಿಸಿದ, ಹೆಚ್ಚುಕಡಿಮೆ ಮೂರು ವರ್ಷದ ಮೇಲೆ. ವೈದ್ಯರು ನನಗೆ ಹೇಳಿರುವುದು ಆರು ವಾರ.